ಲಾ ಕಾಲೇಜಿಗೆ ಹೆಸರು ಹಚ್ಚಿದರಷ್ಟೇ ಸಾಲದು

ಮುಂಗಾರು ಮಳೆ ಬಿದ್ದ ಕೂಡಲೇ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲದಲ್ಲಿ ಹೆಸರು ಬಿತ್ತುವ ಗಡಿಬಿಡಿ. ಅದೇ ಹೊತ್ತಿಗೆ ಪಿಯುಸಿ, ಡಿಗ್ರಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಹುಬ್ಬಳ್ಳಿ, ಧಾರವಾಡದ ಕಾಲೇಜುಗಳಲ್ಲಿ ಹೆಸರು ಹಚ್ಚಲು ಪಾಳಿ ನಿಲ್ಲುತ್ತಾರೆ. ಅವರಲ್ಲಿ ಕಾನೂನು ಓದುತ್ತೇವೆ ಅನ್ನುವವರೂ ಇದ್ದಾರೆ. ಇದು ಖುಷಿಯ ಸಂಗತಿ. ಆದರೆ ಅವರ ಜೊತೆಗೆ ಊರಿನ ಕಟ್ಟೆಯ ಮೇಲಿಂದ ಒಂದು ಸಲಹೆಯೂ ಹೋಗುತ್ತದೆ: "ಲಾ ಅಲ್ಲೇನೋ ತಮ್ಮಾ, ಹೆಸರು ಹಚ್ಚಿ ಬಂದುಬಿಡು. ಕ್ಲಾಸಿಗೆ ಯಾರು ಹೋಗ್ತಾರ? ಪರೀಕ್ಷಾ ಬಂದಾಗ ಗೈಡ್ ಓದಿ ಬರದ್ರಾತು."

ಈ ಸಲಹೆ ನಮ್ಮ ಮಕ್ಕಳಿಗೂ ಒಳ್ಳೆಯದಲ್ಲ, ನಮ್ಮ ಊರುಗಳಿಗೂ ಒಳ್ಳೆಯದಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಮೊದಲ ವರ್ಷಕ್ಕೆ ಹೆಸರು ಹಚ್ಚುವ ದಿನವೇ ವಕೀಲಕಿ ಶುರುವಾಗುತ್ತದೆ. ಆ ದಿನ ಫಾರ್ಮಿನಲ್ಲಿ ಏನು ಬರೆಯುತ್ತೀರಿ, ಮರುದಿನದಿಂದ ಬೆಂಚಿನ ಮೇಲೆ ಕೂಡುತ್ತೀರೋ ಇಲ್ಲವೋ, ಇದರ ಮೇಲೆ ಮುಂದಿನದೆಲ್ಲ ನಿಂತಿದೆ.

ವಕೀಲರು ನಮಗೆ ಯಾಕೆ ಬೇಕು

ನಮ್ಮ ಕಡೆಯವರಿಗೆ ಕೋರ್ಟು ಹೊಸದೇನಲ್ಲ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನವಲಗುಂದದ ರೈತರು ಬೀದಿಗಿಳಿದರು. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಹೊತ್ತಿಕೊಂಡಿತು, ಯಮನೂರಿನಲ್ಲಿ ಪೊಲೀಸರ ಲಾಠಿ ಮನೆ ಒಳಗೂ ಬಂತು. ಎರಡೂ ಸಲ ನಮ್ಮವರು ಕಟಕಟೆ ಹತ್ತಿದರು. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಬೀದಿಯ ಹೋರಾಟದ ಎಷ್ಟೋ ಪಾಲು ಕೊನೆಗೆ ಕಾಗದದ ಮೇಲೆ, ವಾದದ ಮೇಲೆ ತೀರ್ಮಾನವಾಗುತ್ತದೆ.

ದಿನನಿತ್ಯದ ಮಾತಿಗೆ ಬಂದರೆ ಇನ್ನೂ ಹತ್ತಿರದ ಉದಾಹರಣೆ ಉಂಟು: ವಾಟ್ನಿ ದಾವೆ. ಅಣ್ಣತಮ್ಮಂದಿರು ಜಗಳಾಡಿ ಕೋರ್ಟಿಗೆ ಹೋಗುತ್ತಾರೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿದೆ. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಆದರೂ ಕೊಟ್ಟ ಹೆಣ್ಣುಮಗಳನ್ನು ದಾವೆಯಲ್ಲಿ ಸೇರಿಸದೆ ಬಿಟ್ಟರೆ, ಉತಾರದ ಸರ್ವೆ ನಂಬರು ತಪ್ಪಾದರೆ, ಚಕ್‌ಬಂದಿ ಸರಿಯಾಗಿ ಬರೆಯದಿದ್ದರೆ, ವರ್ಷಗಟ್ಟಲೆ ನಡೆದ ದಾವೆ ಮತ್ತೆ ಮೊದಲಿಗೆ ಬರುತ್ತದೆ. ಅದರ ಖರ್ಚು ಹೊಲದ ಮೇಲೆ ಬೀಳುತ್ತದೆ. ಕ್ಲಾಸಿಗೆ ಹೋಗದೆ ಕರಿ ಕೋಟು ಹಾಕಿಕೊಂಡವನ ಕೈಗೆ ಮೊದಲು ಸಿಗುವವರು ದೊಡ್ಡ ಶಹರದ ಕಂಪನಿಯವರಲ್ಲ, ನಮ್ಮ ಊರಿನವರೇ. ಅವನನ್ನು ನಂಬಿ ಬಂದ ಕಾಕಾ, ಅತ್ತಿ, ದೊಡ್ಡಪ್ಪ.

ಫಾರ್ಮು ನಿಮ್ಮ ಮೊದಲ ಪ್ರಮಾಣಪತ್ರ

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಎಲ್ಲ ಕಾಲೇಜಿಗೂ ಒಂದೇ. ಐದು ವರ್ಷದ ಕೋರ್ಸಿಗೆ ಪಿಯುಸಿಯಲ್ಲಿ, ಮೂರು ವರ್ಷದ ಕೋರ್ಸಿಗೆ ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ, ಪಂಗಡದವರಿಗೆ 40 ಪರ್ಸೆಂಟ್ ಬೇಕು. ಪಿಯುಸಿ ಮಾಡದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಡಿಗ್ರಿ ತಗೊಂಡವರಿಗೆ ಪ್ರವೇಶವಿಲ್ಲ. ಇದನ್ನು ಫೀ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಅಂಚೆ ಮೂಲಕ, ಆನ್‌ಲೈನ್ ಮೂಲಕ ಎಲ್‌ಎಲ್‌ಬಿ ಕೊಡಿಸುತ್ತೇವೆ ಅನ್ನುವವರನ್ನು ನಂಬಬೇಡಿ. ವಕೀಲಕಿ ಮಾಡಲು ರೆಗ್ಯುಲರ್ ಕೋರ್ಸೇ ಆಗಬೇಕು.

ರೆಗ್ಯುಲರ್ ಅಂದರೆ ಏನು ಅಂತಲೂ ನಿಯಮದಲ್ಲಿದೆ: ದಿನಕ್ಕೆ ಐದು ತಾಸು, ವಾರಕ್ಕೆ 30 ತಾಸಿಗೆ ಕಡಿಮೆಯಿಲ್ಲ. ಪ್ರತಿ ವಿಷಯಕ್ಕೂ 70 ಪರ್ಸೆಂಟ್ ಹಾಜರಿ. ತೀರಾ ಕಾರಣವಿದ್ದರೆ ಮಾತ್ರ ಒಂದು ವಿಷಯದಲ್ಲಿ 65ರ ತನಕ ಸಡಿಲಿಕೆ, ಅದೂ ಎಲ್ಲ ವಿಷಯ ಕೂಡಿಸಿದರೆ 70 ಆಗುವಂತಿದ್ದರೆ.

2024ರ ಸೆಪ್ಟೆಂಬರ್‌ನಲ್ಲಿ ಪರಿಷತ್ತು ಇನ್ನೊಂದು ಸುತ್ತೋಲೆ ಹೊರಡಿಸಿತು. ಅದರಂತೆ ವಿದ್ಯಾರ್ಥಿ ಮೂರು ವಿಷಯ ಘೋಷಿಸಬೇಕು. ತನ್ನ ಮೇಲೆ ಎಫ್‌ಐಆರ್, ಕ್ರಿಮಿನಲ್ ಕೇಸು ಇದೆಯೇ, ಇದ್ದರೆ ಏನಾಯಿತು. ಬೇರೆ ರೆಗ್ಯುಲರ್ ಕೋರ್ಸು ಓದುತ್ತಿದ್ದಾನೆಯೇ. ನೌಕರಿಯಲ್ಲಿದ್ದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದಿದ್ದಾನೆಯೇ. ಕಾಲೇಜುಗಳು ಬೆರಳಚ್ಚಿನ ಹಾಜರಿ, ಸಿಸಿಟಿವಿ ಇಡಬೇಕು ಅಂತಲೂ ಅದರಲ್ಲಿದೆ.

ಇದು ನಮ್ಮ ಕಡೆ ಮೂರು ರೀತಿಯವರಿಗೆ ನೇರವಾಗಿ ತಾಗುತ್ತದೆ.

ಮೊದಲನೆಯವರು ಬಿ.ಇಡಿ ಮತ್ತು ಎಲ್‌ಎಲ್‌ಬಿ ಎರಡನ್ನೂ ಒಟ್ಟಿಗೆ ಹಚ್ಚುವವರು. ಯುಜಿಸಿ 2022ರಲ್ಲಿ ಎರಡು ಡಿಗ್ರಿಗೆ ಒಪ್ಪಿಗೆ ಕೊಟ್ಟಿದೆಯಲ್ಲ ಅಂತ ಅವರು ವಾದಿಸುತ್ತಾರೆ. ಆದರೆ ಕಾನೂನು ಕೋರ್ಸಿಗೆ ವಕೀಲರ ಪರಿಷತ್ತಿನ ನಿಯಮ ಲಾಗೂ. ದೂರಶಿಕ್ಷಣದ ಕೋರ್ಸು, ಭಾಷೆ ಅಥವಾ ಕಂಪ್ಯೂಟರ್ ಸರ್ಟಿಫಿಕೇಟ್ ನಡೆಯುತ್ತದೆ. ಇನ್ನೊಂದು ರೆಗ್ಯುಲರ್ ಡಿಗ್ರಿ ನಡೆಯುವುದಿಲ್ಲ.

ಎರಡನೆಯವರು ನೌಕರಿಯಲ್ಲಿದ್ದು ಪಗಾರ ತಗೊಳ್ಳುತ್ತ ಹೆಸರು ಹಚ್ಚುವವರು. ನಿರಾಕ್ಷೇಪಣಾ ಪತ್ರ ತಂದರೂ ಹಾಜರಿ ತುಂಬಲೇಬೇಕು.

ಮೂರನೆಯವರ ಬಗ್ಗೆ ನಮಗೆ ಹೆಚ್ಚು ಕಾಳಜಿ. ನೀರಿನ ಹೋರಾಟದಲ್ಲಿ, ರಸ್ತೆ ತಡೆಯಲ್ಲಿ ಕೇಸು ಬಿದ್ದ ಯುವಕರು. "ಕೇಸ್ ಐತಿ, ನನಗ ಲಾ ಸಿಗೂದಿಲ್ಲ" ಅಂತ ಕೆಲವರು ಫಾರ್ಮನ್ನೇ ತುಂಬುವುದಿಲ್ಲ. ಕೆಲವರು ಮುಚ್ಚಿಡುತ್ತಾರೆ. ಎರಡೂ ಬೇಡ. ಕೇಸಿದ್ದವರಿಗೆ ಓದಲು ಬಾಗಿಲು ಮುಚ್ಚಿದೆ ಅಂತ ಆ ಸುತ್ತೋಲೆ ಹೇಳುವುದಿಲ್ಲ. ಅದು ಹೇಳುವುದು ಇಷ್ಟು: ತಿಳಿಸಿ, ಕಾಲೇಜು ಅದನ್ನು ಪರಿಷತ್ತಿಗೆ ವರದಿ ಮಾಡುತ್ತದೆ, ಕೊನೆಯ ಅಂಕಪಟ್ಟಿ ಮತ್ತು ಡಿಗ್ರಿ ಕೊಡುವ ಮೊದಲು ತೀರ್ಮಾನವಾಗುತ್ತದೆ. ಮುಚ್ಚಿಟ್ಟರೆ ಅಂಕಪಟ್ಟಿ, ಡಿಗ್ರಿ ತಡೆಹಿಡಿಯಬಹುದು. ಕೇಸು ಖುಲಾಸೆಯಾಗಿದ್ದರೆ ಅಥವಾ ಸರ್ಕಾರ ವಾಪಸು ಪಡೆದಿದ್ದರೆ ಕೋರ್ಟಿನ ಆದೇಶದ ಪ್ರತಿ ತೆಗೆಸಿ ಇಟ್ಟುಕೊಳ್ಳಿ. ನೀರು ಕೇಳಿದ್ದಕ್ಕೆ ಬಿದ್ದ ಕೇಸನ್ನು ತಲೆ ಎತ್ತಿ ಬರೆಯಬಹುದು. ಅದನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ತಲೆ ತಗ್ಗಿಸಬೇಕಾಗುತ್ತದೆ.

ಕನ್ನಡದಲ್ಲಿ ಬರೆಯಬಹುದು, ಇದನ್ನು ಯಾಕೆ ಹೇಳುವುದಿಲ್ಲ?

ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ನಮ್ಮ ಜಿಲ್ಲೆಯಲ್ಲೇ, ಹುಬ್ಬಳ್ಳಿಯ ನವನಗರದಲ್ಲಿ ಶುರುವಾಯಿತು. ರಾಜ್ಯದ ಉದ್ದಗಲದ ಕಾನೂನು ಕಾಲೇಜುಗಳ ಪ್ರಶ್ನೆಪತ್ರಿಕೆ ಇಲ್ಲಿಂದ ಹೋಗುತ್ತದೆ. ಆ ಪ್ರಶ್ನೆಪತ್ರಿಕೆಯ ಸೂಚನೆಯಲ್ಲೇ ಇದೆ: ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿ ಕನ್ನಡದಲ್ಲಿ ಬರೆಯಿರಿ. ಅರ್ಧ ಅದು ಅರ್ಧ ಇದು ಮಾಡುವಂತಿಲ್ಲ ಅಷ್ಟೇ.

ಇಷ್ಟು ದೊಡ್ಡ ಸಂಗತಿ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ "ಲಾ ಅಂದ್ರ ಇಂಗ್ಲಿಷ್" ಅಂತ ಹೆದರಿ ಹಿಂದೆ ಸರಿಯುತ್ತಾಳೆ. ದಿಲ್ಲಿಯಿಂದ ಬೆಂಗಳೂರಿನ ತನಕ ಇರುವ ರಾಷ್ಟ್ರೀಯ ಕಾನೂನು ಶಾಲೆಗಳ ಕ್ಲ್ಯಾಟ್‌ನಂಥ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲೇ ಇರುವುದರಿಂದ ಆ ಹೆದರಿಕೆ ಹುಟ್ಟಿದೆ. ನಮ್ಮ ಜಿಲ್ಲೆಯ ಕಾಲೇಜಿನ ದಾರಿ ಬೇರೆ.

ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತಾಲೂಕಿನ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಅಲ್ಲಿ ಕನ್ನಡ ಬಲ್ಲ ವಕೀಲನದೇ ಮೇಲುಗೈ. ಹೈಕೋರ್ಟಿನ ಕಲಾಪ ಮಾತ್ರ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷಿನಲ್ಲಿ. ಧಾರವಾಡಕ್ಕೆ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ನಮ್ಮ ಹೊಲದಿಂದ ಕಾಣುವಷ್ಟು ಹತ್ತಿರ ಬಂದ ಹೈಕೋರ್ಟಿನಲ್ಲಿ ನಮ್ಮ ಮಕ್ಕಳು ವಾದ ಮಾಡುವುದು ಬೇಡವೇ? ಪರೀಕ್ಷೆ ಕನ್ನಡದಲ್ಲಿ ಬರೆಯಿರಿ, ದಿನಾ ಒಂದು ಪುಟ ಇಂಗ್ಲಿಷ್ ತೀರ್ಪು ಓದಿ. ಸಂವಿಧಾನದ ಪಾಠದಲ್ಲಿ ಬರುವ 1994ರ ಬೊಮ್ಮಾಯಿ ತೀರ್ಪಿನಿಂದಲೇ ಶುರು ಮಾಡಿ. ಅದು ಹುಬ್ಬಳ್ಳಿಯಲ್ಲಿ ವಕೀಲರಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಕೇಸು. 1989ರಲ್ಲಿ ಅವರ ಸರ್ಕಾರವನ್ನು ವಜಾ ಮಾಡಿದ್ದರ ವಿರುದ್ಧ ಹೂಡಿದ್ದು. ಇವತ್ತು ದೇಶದ ಕಾನೂನು ವಿದ್ಯಾರ್ಥಿಗಳು ಅದನ್ನು ಓದುತ್ತಾರೆ.

ರೊಕ್ಕದ ಲೆಕ್ಕ

"ಮೂರು ವರ್ಷ ಮಗನ್ನ ಕ್ಲಾಸಿನ್ಯಾಗ ಕುಂದ್ರಿಸಿದ್ರ ಹೊಲ ಯಾರು ನೋಡ್ಬೇಕು?" ಈ ಪ್ರಶ್ನೆಯನ್ನು ನಾವು ಹಗುರವಾಗಿ ನೋಡುವುದಿಲ್ಲ. ಒಬ್ಬನೇ ಮಗ, ಸಾಲದ ಹೊಲ, ಬೆಳೆ ಕೈಕೊಟ್ಟ ವರ್ಷ. ಅಂಥವರು ಈ ವರ್ಷ ಬಿಟ್ಟು ಮುಂದಿನ ವರ್ಷ ಹೆಸರು ಹಚ್ಚಿದರೂ ನಡೆದೀತು. ಕ್ಲಾಸಿಗೆ ಹೋಗಲಾಗದ ವರ್ಷದಲ್ಲಿ ಫೀ ತುಂಬಿ, ಹಾಜರಿ ಬೀಳದೆ, ಪರೀಕ್ಷೆಯಲ್ಲಿ ಉಳಿದರೆ ರೊಕ್ಕವೂ ಹೋಯಿತು, ವರ್ಷವೂ ಹೋಯಿತು.

ಹೋಗುವವರಿಗೆ ನೆರವಿನ ದಾರಿಗಳಿವೆ. ಪ್ರವೇಶಕ್ಕೆ ಮೊದಲೇ ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ ಆರ್‌ಡಿ ನಂಬರು ಇಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ಇವೆರಡು ಇಲ್ಲದಿದ್ದರೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗುವುದಿಲ್ಲ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾದಾ ಬಸ್ಸು ಪುಕ್ಕಟೆ, ಹುಡುಗರಿಗೆ ವಿದ್ಯಾರ್ಥಿ ಪಾಸು ಇದೆ. ಪುಸ್ತಕ ಸೆಕೆಂಡ್‌ಹ್ಯಾಂಡ್ ತಗೊಳ್ಳುವಾಗ ಎಚ್ಚರ: 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಮೊದಲಾದ ಮೂರು ಹೊಸ ಕಾಯ್ದೆ ಬಂದಿವೆ. ಹಳೆಯ ಕ್ರಿಮಿನಲ್ ಗೈಡ್ ಕೆಲಸಕ್ಕೆ ಬರುವುದಿಲ್ಲ. 1872ರ ಕರಾರು ಕಾಯ್ದೆಯ ಪುಸ್ತಕ ಹಳೆಯದಾದರೂ ನಡೆಯುತ್ತದೆ.

ಕೊನೆಗೆ ವಕೀಲರಾಗಿ ನೋಂದಾಯಿಸಿಕೊಳ್ಳುವಾಗ ಬಹಳ ಖರ್ಚಾಗುತ್ತದೆ ಅನ್ನುವ ಅಂಜಿಕೆಯೂ ಇದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಈ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡಕ್ಕೆ 125 ರೂಪಾಯಿ ಮೀರಬಾರದು ಎಂದು ಹೇಳಿದೆ.

ನಾವು ಕೇಳುವುದು ಇಷ್ಟು

ಇದೆಲ್ಲವನ್ನೂ ಹದಿನೆಂಟು ವರ್ಷದ ಹುಡುಗ ಕಾಲೇಜಿನ ಕಿಟಕಿಯ ಮುಂದೆ ನಿಂತು ಒಬ್ಬನೇ ತಿಳಿದುಕೊಳ್ಳಬೇಕು ಅನ್ನುವುದು ನ್ಯಾಯವಲ್ಲ. ಶಹರದ ಹುಡುಗನಿಗೆ ಮನೆಯಲ್ಲಿ ಯಾರೋ ವಕೀಲರಿರುತ್ತಾರೆ. ನಮ್ಮ ಹುಡುಗನಿಗೆ ಕಟ್ಟೆಯ ಸಲಹೆ ಮಾತ್ರ.

ಕಾಲೇಜುಗಳು ಪ್ರವೇಶದ ಫಾರ್ಮಿನ ಜೊತೆಗೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ: ಹಾಜರಿ ಎಷ್ಟು, ಏನೇನು ಘೋಷಿಸಬೇಕು, ಉತ್ತರ ಯಾವ ಭಾಷೆಯಲ್ಲಿ ಬರೆಯಬಹುದು. ಫೀ ತಗೊಂಡು ಹಾಜರಿಗೆ ಕಣ್ಣು ಮುಚ್ಚುವ ಕಾಲೇಜು ಎಲ್ಲಿದ್ದರೂ ಅದು ವಿದ್ಯಾರ್ಥಿಗೆ ಉಪಕಾರ ಮಾಡುತ್ತಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಗಳು ಹಳ್ಳಿಗಳಲ್ಲಿ ಕಾನೂನು ಅರಿವು ಶಿಬಿರ ಮಾಡುತ್ತವೆ. ಫಲಿತಾಂಶ ಬಂದ ವಾರದಲ್ಲಿ ಅಂಥ ಒಂದು ಶಿಬಿರ ಪ್ರವೇಶದ ಬಗ್ಗೆಯೇ ಆಗಲಿ. ನಮ್ಮ ತಾಲೂಕುಗಳಿಂದ ಹೋಗಿ ವಕೀಲರಾದವರು ವರ್ಷಕ್ಕೆ ಒಂದು ದಿನ ಪಂಚಾಯಿತಿ ಗ್ರಂಥಾಲಯದಲ್ಲಿ ಕೂತು ನಾಲ್ಕು ಫಾರ್ಮು ತುಂಬಿಸಿದರೂ ಸಾಕು. ಬೆಳಗಿನ ಬಸ್ಸು ಕ್ಲಾಸಿನ ಹೊತ್ತಿಗೆ ಮುಟ್ಟದ ಊರಿನವರು ಎಲ್ಲರೂ ಸಹಿ ಮಾಡಿ ಡಿಪೊ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ಅರ್ಜಿ ಬರೆಯುವುದು ಲಾ ವಿದ್ಯಾರ್ಥಿಗೆ ಒಳ್ಳೆಯ ಮೊದಲ ಪಾಠವೂ ಹೌದು.

ಮನೆಯ ಹಿರಿಯರಿಗೆ ಒಂದು ಮಾತು. ಬಿತ್ತಿದ ಮೇಲೆ ಎಡೆ ಹೊಡೆಯದೆ, ಕಳೆ ತೆಗೆಯದೆ ಸುಗ್ಗಿಗೆ ಹೋದರೆ ಏನು ಸಿಗುತ್ತದೆ ಅಂತ ನಿಮಗೆ ನಾವು ಹೇಳಬೇಕಿಲ್ಲ. ಈ ಸಲ ಮಗ ಅಥವಾ ಮಗಳು ಲಾ ಕಾಲೇಜಿಗೆ ಹೊರಟರೆ ಫಾರ್ಮಿನಲ್ಲಿ ನಿಜ ಬರೆಯಲು ಹೇಳಿ, ದಿನಾ ಬಸ್ಸು ಹತ್ತಿಸಿ. ನಾಳೆ ನಿಮ್ಮ ವಾಟ್ನಿ ದಾವೆಯ ಕಾಗದ ಅವರ ಕೈಗೇ ಬರಬಹುದು.