ಕಪ್ಪತಗುಡ್ಡಕ್ಕೆ ಪೇಟೆಯವರ ಪಟ್ಟಿ ಎಷ್ಟು?

ಗದಗಿನಿಂದ ಮುಂಡರಗಿ ಬಸ್ಸು ಹತ್ತಿದವರಿಗೆಲ್ಲ ಕಪ್ಪತಗುಡ್ಡ ಗೊತ್ತು. ಆದರೆ ಗುಡ್ಡ ಉಳಿಸಲು ಓಡಾಡುವ ಸಂಘದವರು ಅಂಗಡಿ ಮೆಟ್ಟಿಲು ಹತ್ತಿದರೆ ಸಾಕು, 'ನಮಗ್ಯಾಕ್ರೀ ಆ ಉಸಾಬರಿ?' ಎಂಬ ಮಾತು ಬರುತ್ತದೆ. ಯಾಕೆ ಎನ್ನುವವರು ಸ್ವಲ್ಪ ಹಿಂದಿನದನ್ನು ನೆನಪು ಮಾಡಿಕೊಳ್ಳಬೇಕು.

2011ರಲ್ಲಿ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಹಿಡಿಯಲು ಸರಕಾರ ಹೊರಟಿತು. ರೈತರು ಬೀದಿಗಿಳಿದರು, ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಸರಕಾರ ಕೈಬಿಟ್ಟಿತು. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡ ಸಂರಕ್ಷಿತ ಮೀಸಲು ಪ್ರದೇಶವಾಯಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಆದೇಶ ವಾಪಸಾಯಿತು! 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ಅದೇ ವರ್ಷ ಮೀಸಲು ಮರಳಿ ಬಂತು. 2019ರಲ್ಲಿ 244 ಚದರ ಕಿ.ಮೀ. ಗುಡ್ಡ ವನ್ಯಜೀವಿ ಧಾಮವಾಯಿತು.

ಕೊಟ್ಟದ್ದೂ ಸರಕಾರ, ಕಸಿದದ್ದೂ ಸರಕಾರ. ಮರಳಿ ಕೊಡಿಸಿದ್ದು ಮಾತ್ರ ಜನ. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಇನ್ನು ಮುಂದೆ ಧರಣಿಗೆ ಕೂಡ್ರುವವರು ಯಾರು?

ಧಾಮ ಆಯ್ತಲ್ಲ, ಮುಗೀತು ಅನ್ನಬೇಡಿ. ಕಾಗದದ ಮೇಲಿನ ಧಾಮ ಬೆಂಕಿ ಆರಿಸುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಹುಲ್ಲು ಸುಟ್ಟರೆ ಹೊಸದು ಚೆನ್ನಾಗಿ ಚಿಗುರುತ್ತದೆ ಎಂದು ಬೇಕಂತಲೇ ಕಡ್ಡಿ ಗೀರುವವರೂ ಇದ್ದಾರೆ. ಸುಡುವುದು ಹುಲ್ಲಷ್ಟೇ ಅಲ್ಲ, ಔಷಧಿ ಸಸ್ಯ, ಹಕ್ಕಿ ಗೂಡು, ತೋಳ ಕತ್ತೆಕಿರುಬಗಳ ನೆಲೆ ಎಲ್ಲಾ ಹೋಗುತ್ತದೆ. ಬೋಳಾದ ಗುಡ್ಡದಿಂದ ಮಳೆನೀರು ಮಣ್ಣನ್ನೂ ಎಳೆದುಕೊಂಡು ಬಂದು ಕೆಳಗಿನ ಕೆರೆಯಲ್ಲಿ ಹೂಳು ತುಂಬುತ್ತದೆ. ಕೆರೆ ಬತ್ತಿದರೆ ಬಾವಿ ಬತ್ತುತ್ತದೆ, ಬೆಳೆ ಹೋಗುತ್ತದೆ. ಹಳ್ಳಿಯವನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಪೇಟೆಯ ಗಲ್ಲಾ ತುಂಬುವುದೆಲ್ಲಿಂದ ಸಾವುಕಾರ್ರೇ?

ಹಾಗಾದರೆ ನಾವು ಮಾಡಬೇಕಾದ್ದೇನು? ದೊಡ್ಡದೇನಲ್ಲ.

ಮೊದಲನೆಯದು ಪಟ್ಟಿ. ಗಣಪತಿಗೆ ಕೊಡುವ ಹಾಗೆ ಗುಡ್ಡಕ್ಕೂ ವರ್ಷಕ್ಕೊಮ್ಮೆ ಕೊಡಿ. ಆದರೆ ಕಣ್ಣು ಮುಚ್ಚಿ ಕೊಡಬೇಡಿ. ಸಂಘ ನೋಂದಣಿಯಾಗಿದೆಯೇ ಕೇಳಿ, ಪಾವತಿ ಪಡೆಯಿರಿ, ಜಮಾ-ಖರ್ಚು ತೋರಿಸಲು ಹೇಳಿ. ನಿಜವಾಗಿ ಕೆಲಸ ಮಾಡುವವರು ಇದಕ್ಕೆ ಸಿಟ್ಟಾಗುವುದಿಲ್ಲ.

ಎರಡನೆಯದು ಕಾಗದ. ಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಗುರುತಿಸುವ ಕರಡು ಹೊರಬಿದ್ದರೆ ಆಕ್ಷೇಪಣೆ ಬರೆಯಲು ಸಾರ್ವಜನಿಕರಿಗೆ 60 ದಿನ ಅವಕಾಶ ಇರುತ್ತದೆ. ಗಣಿಯಂಥ ಯೋಜನೆಗೆ ಪರಿಸರ ಅಹವಾಲು ಸಭೆ ಕರೆದರೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು. ಇದು ಎಷ್ಟು ಮಂದಿ ಕಣ್ಣಿಗೆ ಬೀಳುತ್ತದೆ? ಅಂಗಡಿಯ ಗೋಡೆಗೆ ಅಂಟಿಸಿದರೆ ದಿನಕ್ಕೆ ನೂರು ಗಿರಾಕಿ ಓದುತ್ತಾರೆ. ಸಭೆಗೆ ಹೋಗಿ, ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ.

ಮೂರನೆಯದು ಕಣ್ಣು. ದಿನಾ ಬಸ್ಸಿನಲ್ಲಿ ಓಡಾಡುವವರು ಗುಡ್ಡದ ಮೇಲೆ ಹೊಗೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಲಿ. ಕಪ್ಪತಮಲ್ಲೇಶ್ವರನ ದರ್ಶನಕ್ಕೆ ಹೋದವರು ಒಯ್ದ ಪ್ಲಾಸ್ಟಿಕ್ ಚೀಲವನ್ನು ವಾಪಸು ತರಲಿ. ಹುರುಪಿನಿಂದ ಸಸಿ ಹೊತ್ತುಕೊಂಡು ಗುಡ್ಡ ಹತ್ತುವವರಿಗೂ ಒಂದು ಮಾತು: ಅದು ಹುಲ್ಲು, ಕುರುಚಲು ಕಾಡಿನ ಗುಡ್ಡ. ಎಲ್ಲೆಂದರಲ್ಲಿ ಗಿಡ ನೆಟ್ಟರೆ ಹುಲ್ಲಿನ ಪ್ರಾಣಿಗಳಿಗೆ ಕೇಡು. ಇಲಾಖೆಯನ್ನು ಕೇಳದೆ ಏನನ್ನೂ ಮಾಡುವಂತಿಲ್ಲ.

ಅರಣ್ಯ ಇಲಾಖೆಯವರೂ ಬೆಂಕಿ ಹತ್ತಿದ ಮೇಲೆ ಓಡುವುದು ಬಿಟ್ಟು, ಸಂಕ್ರಾಂತಿಗೆ ಮೊದಲೇ ಸಂಘದವರನ್ನೂ ಗುಡ್ಡದ ಕೆಳಗಿನ ಹಳ್ಳಿಯವರನ್ನೂ ಕೂಡಿಸಿ ಬೆಂಕಿ ಕಾವಲಿನ ಏರ್ಪಾಡು ಮಾಡಬೇಕು. ಆ ಸಭೆಗೆ ವರ್ತಕರ ಸಂಘದಿಂದ ನಾಲ್ಕು ಜನ ಹೋದರೆ, ಪೇಟೆಯೂ ಗುಡ್ಡದ ಪರವಾಗಿದೆ ಎಂಬುದು ಮೇಲಿನವರಿಗೂ ತಿಳಿಯುತ್ತದೆ. ಒಮ್ಮೆ ಕಸಿದುಕೊಂಡವರು ಇನ್ನೊಮ್ಮೆ ಕೈ ಹಾಕುವ ಮುಂಚೆ ಯೋಚಿಸುತ್ತಾರೆ.