ಮೈಕಿನ ಮುಂದೆ ನಮ್ಮ ಮಂದಿ ಇರಲಿ
ವಿಜಯಪುರ, ತಿಕೋಟಾ, ಬಬಲೇಶ್ವರದ ರೇಡಿಯೊ ಕೇಳುಗರಲ್ಲಿ ಒಂದು ವಿನಂತಿ



ತಿಕೋಟಾದ ತೋಟದಲ್ಲಿ ‘ದಾವಣಿ ಬಂದೈತಿ’ ಅಂದರೆ ದ್ರಾಕ್ಷಿ ಬೆಳೆದವರ ಎದೆ ಧಸಕ್ಕೆನ್ನುತ್ತದೆ. ಅದು ರೋಗ, ಎಲೆಯ ಬೆನ್ನಿಗೆ ಬಿಳಿ ಬೂಜು ಹಿಡಿಯುತ್ತದೆ. ಮೋಡ ನಾಲ್ಕು ದಿನ ಕವಿದುಕೊಂಡರೆ ಗೊಂಚಲೇ ಕೈಬಿಟ್ಟು ಹೋಗುತ್ತದೆ. ನಿಘಂಟು ತೆರೆದು ನೋಡಿ, ದಾವಣಿ ಎಂದರೆ ದನ ಕಟ್ಟುವ ಹಗ್ಗ. ‘ಚಾಟ್ನಿ ಮುಗೀತೇನು?’ ಎಂದರೆ ನಮಗೆ ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಕೆಲಸ, ಹೊರಗಿನವರಿಗೆ ತಟ್ಟೆಯ ಚಟ್ನಿ. ಡೋಣಿ ನಮಗೆ ಜೋಳ ಕೊಡುವ ಹೊಳೆ, ಹೊರಗಿನವರಿಗೆ ಬರೀ ದೋಣಿ. ಇದನ್ನೆಲ್ಲ ಬಲ್ಲವರು ಮೈಕಿನ ಮುಂದೆ ಕೂತಾಗ ಮಾತ್ರ ರೇಡಿಯೊ ನಮ್ಮದು.

ಈಗ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಬರೆದುಕೊಟ್ಟದ್ದನ್ನು ಮನುಷ್ಯರಂತೆಯೇ ಓದುತ್ತದೆ. 2023ರ ಜುಲೈಯಲ್ಲಿ ಕನ್ನಡದ ಪವರ್ ಟಿವಿ ‘ಸೌಂದರ್ಯ’ ಎಂಬ ಎಐ ನಿರೂಪಕಿಯನ್ನು ತಂದಿತು. 2024ರ ಮೇ ತಿಂಗಳಲ್ಲಿ ಡಿಡಿ ಕಿಸಾನ್ ವಾಹಿನಿಯಲ್ಲಿ ‘ಕ್ರಿಶ್’, ‘ಭೂಮಿ’ ಬಂದರು. ಇವು ಯಂತ್ರವೆಂದು ಹೇಳಿಸಿಕೊಂಡೇ ಬಂದವು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹಾಗಾಗಲಿಲ್ಲ. ಅಲ್ಲಿನ ‘ಕಾಡಾ’ ರೇಡಿಯೊದಲ್ಲಿ ‘ಥೈ’ ಎಂಬ ಹೆಣ್ಣುದನಿ ವಾರದ ದಿನಗಳಲ್ಲಿ ನಾಲ್ಕು ಗಂಟೆಯ ಕಾರ್ಯಕ್ರಮ ನಡೆಸುತ್ತಿತ್ತು. ಅದು ಯಂತ್ರದ ದನಿ ಎಂಬುದು ಕೇಳುಗರಿಗೆ ಬಯಲಾದದ್ದು ಸುಮಾರು ಆರು ತಿಂಗಳ ಮೇಲೆ, 2025ರಲ್ಲಿ. ಟಿವಿಯಲ್ಲಾದರೆ ಮುಖ ನೋಡಿ ಅನುಮಾನಪಡಬಹುದು. ರೇಡಿಯೊದಲ್ಲಿ ದನಿಯೊಂದೇ ಗುರುತು. ಆ ಗುರುತೇ ಸುಳ್ಳಾದರೆ ಕೇಳುವವರಿಗೆ ಏನು ಉಳಿಯಿತು?

ಕೃಷಿ ಸಲಹೆ ಓದುವ ಯಂತ್ರ, ಔಷಧ ಲೀಟರಿಗೆ ಎರಡು ಗ್ರಾಂ ಎನ್ನುವಲ್ಲಿ ಇಪ್ಪತ್ತು ಎಂದು ಓದಿದರೆ ಒಂದು ಮುಂಜಾನೆಯಲ್ಲಿ ಎಷ್ಟು ಎಕರೆ ಸುಡುತ್ತದೆ ಯೋಚಿಸಿ. ಮನುಷ್ಯರೂ ತಪ್ಪು ಓದುತ್ತಾರೆ. ಆದರೆ ಓದಿದ ಮರುಗಳಿಗೆ ನಾಲಿಗೆ ಕಚ್ಚಿಕೊಂಡು ತಿದ್ದುತ್ತಾರೆ, ಇಲ್ಲವಾದರೆ ನಾವೇ ಫೋನು ಮಾಡಿ ‘ಯಾಕ್ರೀ ಹಿಂಗ ಹೇಳಿದ್ರಿ?’ ಎಂದು ಕೇಳಬಹುದು. ಯಂತ್ರದ ತಪ್ಪಿಗೆ ಯಾರ ಹೆಸರು ಹಿಡಿದು ಕೇಳಬೇಕು? ಮಣೂಕ, ಅಂದರೆ ಒಣದ್ರಾಕ್ಷಿ, ಶೆಡ್ಡಿನಲ್ಲಿ ಒಣಗುತ್ತಿರುವಾಗ ಅಕಾಲಿಕ ಮಳೆ ಬಂದರೆ, ಹಾಡು ಅರ್ಧಕ್ಕೆ ನಿಲ್ಲಿಸಿ ‘ಬಬಲೇಶ್ವರದ ಕಡೆ ಹನಿ ಬೀಳಾಕತ್ತೈತಿ, ತಾಡಪತ್ರಿ ಹೊಚ್ಚರಿ’ ಎನ್ನುವ ಆತುರ, ಕಿಟಕಿಯಾಚೆ ಮೋಡ ನೋಡಿದವರಿಗೆ ಮಾತ್ರ ಬರುತ್ತದೆ.

ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ಬಹಳ ಹತ್ತಿರದ್ದು. 2024ರ ಅಕ್ಟೋಬರಿನಲ್ಲಿ ಪೋಲೆಂಡಿನ ಆಫ್ ರೇಡಿಯೊ ಕ್ರಾಕೋವ್, ಸುಮಾರು ಹತ್ತು ಹನ್ನೆರಡು ಪತ್ರಕರ್ತರನ್ನು ಕೈಬಿಟ್ಟ ಮೇಲೆ ಎಐ ನಿರೂಪಕರನ್ನು ಕೂಡಿಸಿತು. ಅಷ್ಟೇ ಅಲ್ಲ, 2012ರಲ್ಲಿ ತೀರಿಹೋದ ಕವಯಿತ್ರಿ ಶಿಂಬೋರ್ಸ್ಕಾ ಅವರೊಂದಿಗೆ ‘ಸಂದರ್ಶನ’ವನ್ನೂ ಬಿತ್ತರಿಸಿತು. 15 ಸಾವಿರಕ್ಕೂ ಹೆಚ್ಚು ಜನ ವಿರೋಧಿಸಿ ಸಹಿ ಹಾಕಿದರು. ಆ ಪ್ರಯೋಗ ಕೆಲವೇ ದಿನಗಳಲ್ಲಿ ನಿಂತಿತು. ಇಂಥದ್ದು ನಮ್ಮಲ್ಲಿ ಆಗಬಾರದು. ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ಜ್ಞಾನಯೋಗಾಶ್ರಮದಲ್ಲಿ ಕಣ್ಮುಚ್ಚಿದ ಸಿದ್ಧೇಶ್ವರ ಸ್ವಾಮೀಜಿ, ನಮ್ಮ ಅಪ್ಪಗಳ ದನಿ ನಮ್ಮ ಕಿವಿಯಲ್ಲಿ ಇನ್ನೂ ಇದೆ. ತಮಗೆ ಸ್ಮಾರಕವೂ ಬೇಡವೆಂದು ಬರೆದಿಟ್ಟು ಹೋದವರು ಅವರು. ಅವರು ಆಡಿದ ಪ್ರವಚನವನ್ನು ನೂರು ಸಲ ಹಾಕಿ, ಕೇಳುತ್ತೇವೆ. ಅವರು ಆಡದ ಒಂದು ಮಾತನ್ನೂ ಅವರ ದನಿಯಲ್ಲಿ ಆಡಿಸಬಾರದು. ಇದನ್ನು ನಾವು ಈಗಲೇ ಗಟ್ಟಿಯಾಗಿ ಹೇಳಬೇಕು.

ಯಂತ್ರವೇ ಬೇಡವೆನ್ನುವ ಊರಲ್ಲ ನಮ್ಮದು. ಫ.ಗು. ಹಳಕಟ್ಟಿಯವರು ವಚನಗಳನ್ನು ಉಳಿಸಲು ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ ನಾನಾ ಜಿಲ್ಲೆಗಳ ಜನರಿಗೆ ಚಿತ್ರ ತೋರಿಸಿ, ಅವರ ಮಾತನ್ನು ಧ್ವನಿಮುದ್ರಿಸಿತು. ಅದರಲ್ಲಿ ನಮ್ಮ ಜಿಲ್ಲೆಯೂ ಇದೆ. ಅಂದರೆ ಯಂತ್ರಕ್ಕೆ ನಮ್ಮ ಮಾತು ಕಲಿಸಲು ದನಿ ಕೊಟ್ಟವರು ನಮ್ಮವರೇ. ಆ ಕಲಿಕೆ ನಮ್ಮ ಕೆಲಸಕ್ಕೆ ಬರಲಿ. ರಾತ್ರಿ ರೈತ ತನ್ನ ಮಾತಿನಲ್ಲೇ ಪ್ರಶ್ನೆ ಹೇಳಿಟ್ಟರೆ ಯಂತ್ರ ಅದನ್ನು ಬರೆದಿಡಲಿ, ಮುಂಜಾನೆ ಕೃಷಿ ತಜ್ಞರು ಉತ್ತರ ಕೊಡಲಿ. ಹಳೆಯ ಟೇಪುಗಳಲ್ಲಿರುವ ಬೀಸುವ ಪದ, ಭಜನೆ, ನಾಟಕ ಹುಡುಕಿಕೊಡಲಿ.

ಆಕಾಶವಾಣಿ ವಿಜಯಪುರಕ್ಕೆ ಒಂದು ಕಾರ್ಡು ಬರೆಯಿರಿ. ಸುದ್ದಿ, ಹವಾಮಾನ, ಕೃಷಿ ಸಲಹೆಯನ್ನು ಹೆಸರು ಹೇಳಿಕೊಂಡ ಮನುಷ್ಯರೇ ಓದಲಿ. ಎಲ್ಲಿಯಾದರೂ ಯಂತ್ರದ ದನಿ ಬಳಸಿದರೆ ಮೊದಲೇ, ಪ್ರತಿ ಸಲವೂ, ತಿಳಿಸಲಿ. ತೀರಿಹೋದವರ ದನಿಯನ್ನು ಕೃತಕವಾಗಿ ಹುಟ್ಟಿಸುವುದು ಬೇಡ. ಸಮುದಾಯ ರೇಡಿಯೊಗೆ ಅರ್ಧದಷ್ಟಾದರೂ ಕಾರ್ಯಕ್ರಮ ಊರವರು ಸೇರಿಯೇ ಮಾಡಬೇಕೆಂಬ ನಿಯಮವಿದೆ. ನಾಳೆ ನಮ್ಮ ತಾಲ್ಲೂಕುಗಳಲ್ಲಿ ಅಂಥ ಕೇಂದ್ರ ತೆರೆಯುವವರಿಗೂ ಈ ಬೇಡಿಕೆಗಳನ್ನೇ ಹೇಳಿ. ಕಾರ್ಡಿನಲ್ಲಿ ನಿಮ್ಮ ಹೆಸರು, ಊರು, ಯಾವ ಕಾರ್ಯಕ್ರಮ ಕೇಳುತ್ತೀರಿ ಎಂಬುದನ್ನೂ ಬರೆಯಿರಿ. ಬರೆಯಲು ಬಾರದ ಹಿರಿಯರಿದ್ದರೆ ಅವರು ಹೇಳಿದ್ದನ್ನು ಮನೆಯ ಮಕ್ಕಳು ಬರೆದುಕೊಡಲಿ.

— ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಕೇಳುಗರು