ಹಂಪಿಯ ಎತ್ತರದ ಗೋಡೆ

ಈ ವರ್ಷ ಕಾಲೇಜಿನಿಂದ ಹಂಪಿಗೆ ಹೋಗಿದ್ದೆವು. ಹಂಪಸಾಗರದವರಿಗೆ ಹಂಪಿ ದೂರವೇನಲ್ಲ. ಆದರೂ ಬಸ್ಸಿನಲ್ಲಿದ್ದ ಎಷ್ಟೋ ಹುಡುಗಿಯರು ಅದನ್ನು ಮೊದಲ ಸಲ ನೋಡುತ್ತಿದ್ದರು, ನಾನೂ ಸೇರಿ. 50 ರೂಪಾಯಿ ನೋಟಿನ ಹಿಂದೆ ಕಂಡಿದ್ದ ಕಲ್ಲಿನ ರಥದ ಮುಂದೆ ಎಲ್ಲರದೂ ಫೋಟೊ ಆಯಿತು.

ನನ್ನನ್ನು ನಿಲ್ಲಿಸಿದ್ದು ಮಾತ್ರ ಕಮಲ ಮಹಲಿನ ಸುತ್ತಲಿನ ಗೋಡೆ. ರಾಣಿವಾಸ ಎಂದು ಕರೆಯುವ ಆವರಣ ಅದು. ಅಷ್ಟೆತ್ತರದ ಗೋಡೆ, ಜೊತೆಗೆ ಕಾವಲು ಗೋಪುರ. ಇವು ಒಳಗಿನವರನ್ನು ಕಾಯುತ್ತಿದ್ದವೋ, ತಡೆಯುತ್ತಿದ್ದವೋ? ಇನ್ನು ಆ ಕಲ್ಲು ಹೊತ್ತವರ ಮನೆಗಳಂತೂ ಗುರುತೂ ಇಲ್ಲದೆ ಮಣ್ಣಾಗಿವೆ. ನಮ್ಮ ಕಾಲದಲ್ಲೇ, 2011ರಲ್ಲಿ, ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಸ್ಮಾರಕ ಉಳಿಯಬೇಕು, ಒಪ್ಪುತ್ತೇನೆ. ಆದರೆ ಯಾವಾಗಲೂ ಬಡವರೇ ಏಕೆ ಜಾಗ ಬಿಡಬೇಕು?

ಇಷ್ಟೆಲ್ಲ ಯೋಚಿಸಲು ಕಾರಣ ನನ್ನ ಪಕ್ಕದ ಖಾಲಿ ಸೀಟು. ಗೆಳತಿ ಹೆಸರು ಕೊಟ್ಟಿದ್ದಳು, ಕೊನೆಗೆ ಬರಲಿಲ್ಲ. "ಹೆಣ್ಣುಮಕ್ಕಳಿಗೆ ಟೂರು ಯಾಕೆ" ಎಂದರಂತೆ ಮನೆಯಲ್ಲಿ. ಅವಳ ತಮ್ಮ ಹೈಸ್ಕೂಲಿನಿಂದ ಹೋಗಿ ಬಂದಾಗ ಯಾರೂ ಹಾಗೆ ಕೇಳಿರಲಿಲ್ಲ! ಇನ್ನಿಬ್ಬರು ಬರದಿದ್ದದ್ದು ದುಡ್ಡಿಲ್ಲದೆ. ನಾಚಿಕೆಯಿಂದ "ಜ್ವರ" ಎಂದರು.

ಮುಂದಿನ ಪ್ರವಾಸಕ್ಕೆ ಮೊದಲು ನಮ್ಮ ಮೇಡಂ ಯಾರಾದರೂ ಮನೆಗಳಿಗೆ ಹೋಗಿ ಅಮ್ಮಿ-ಅಬ್ಬಾರ ಜೊತೆ ಮಾತಾಡಲಿ. ಹಣವನ್ನು ತಿಂಗಳಿಗಿಷ್ಟು ಎಂದು ಕಂತಿನಲ್ಲಿ ಕಟ್ಟಲು ಬಿಡಲಿ. ಗೆಳತಿಗೆ ನಾನು ಫೋಟೊಗಳನ್ನು ತೋರಿಸಿದೆ. ರಥವನ್ನು ಬೇಗ ಸರಿಸಿದಳು, ಗೋಡೆಯ ಫೋಟೊವನ್ನು ಬಹಳ ಹೊತ್ತು ನೋಡಿದಳು.